ಮೀನಿನ ಭ್ರೂಣದಲ್ಲಿ ಕಿರು ಆರ್‌ಎನ್‌ಎಗಳ ಕಾರುಬಾರು

ಮೀನಿನ ಮೊಟ್ಟೆ ಫಲಿತವಾದ ಮೇಲೆ ಮೊದಲ ಎರಡು ಮೂರು ಗಂಟೆ ಹೊಸ ಜೀವದ ಸ್ವಂತ ಜೀನ್‌ಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಒಂದು ಕೋಶ ಎರಡಾಗುವುದು, ಎರಡು ನಾಲ್ಕಾಗುವುದು, ನಾಲ್ಕು ಎಂಟಾಗುವುದು, ಎಲ್ಲವೂ ತಾಯಿಮೀನು ಮೊಟ್ಟೆಯೊಳಗೆ ಮುಂಚೆಯೇ ತುಂಬಿಟ್ಟ ಪ್ರೋಟೀನ್ ಮತ್ತು ಸಂದೇಶವಾಹಕ ಆರ್‌ಎನ್‌ಎಗಳ ಬಲದಿಂದಲೇ ನಡೆಯುತ್ತದೆ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂಬ ಗಾದೆ ಈ ಭ್ರೂಣದ ಮಟ್ಟಿಗೆ ಅಕ್ಷರಶಃ ನಿಜ. ಆದರೆ ಬುತ್ತಿ ತಾನಾಗಿ ಖಾಲಿಯಾಗುವ ತನಕ ಭ್ರೂಣ ಕಾಯುತ್ತ ಕೂರುವುದಿಲ್ಲ. ಗೊತ್ತಾದ ಹೊತ್ತಿಗೆ ತನ್ನ ಜೀನ್‌ಗಳನ್ನು ಚಾಲೂ ಮಾಡಿಕೊಂಡು, ತಾಯಿ ಕೊಟ್ಟ ಸಂದೇಶಗಳನ್ನು ತಾನೇ ತೆರವು ಮಾಡುತ್ತದೆ. ಈ ತೆರವಿನ ಕೆಲಸದಲ್ಲಿ ದೊಡ್ಡ ಪಾಲು ಸುಮಾರು 22 ಅಕ್ಷರಗಳಷ್ಟೇ ಉದ್ದದ ಆರ್‌ಎನ್‌ಎ ತುಣುಕುಗಳದು. ಇವನ್ನು ಮೈಕ್ರೋ ಆರ್‌ಎನ್‌ಎ ಎನ್ನುತ್ತಾರೆ. ದೇಹ ಕಟ್ಟಲು ಹೊಸ ಸೂಚನೆಗಳು ಎಷ್ಟು ಬೇಕೋ, ಹಳೆಯ ಸೂಚನೆಗಳು ಸಕಾಲಕ್ಕೆ ಅಳಿಯುವುದೂ ಅಷ್ಟೇ ಬೇಕು ಎಂಬುದನ್ನು ಜೀವವಿಜ್ಞಾನ ಬಹುಮಟ್ಟಿಗೆ ಕಲಿತದ್ದು ಒಂದು ಪುಟ್ಟ ಮೀನಿನಿಂದ.

ಪ್ರಯೋಗಾಲಯಕ್ಕೆ ಬಂದ ಪಟ್ಟೆಮೀನು

ಆ ಮೀನು ಜೀಬ್ರಾ ಮೀನು. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಮೈಮೇಲೆ ತಲೆಯಿಂದ ಬಾಲದವರೆಗೆ ಕಡುನೀಲಿ ಪಟ್ಟೆಗಳು. ಭಾರತ, ನೇಪಾಳ, ಬಾಂಗ್ಲಾದೇಶಗಳ ತೊರೆ, ಕೊಳ, ಭತ್ತದ ಗದ್ದೆಗಳ ನೀರು ಇದರ ಸಹಜ ನೆಲೆ. ಇದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಇಲ್ಲಿನ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಿದ ಬುಕಾನನ್ ಇವರೇ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದ ಅವರು 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಈ ಮೀನಿನ ವರ್ಣನೆ ಇದೆ.

ಅಕ್ವೇರಿಯಂಗಳ ಅಲಂಕಾರವಾಗಿದ್ದ ಜೀಬ್ರಾ ಮೀನನ್ನು ತಳಿವಿಜ್ಞಾನದ ಪ್ರಯೋಗಕ್ಕೆ ಒಗ್ಗಿಸಿದವರು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ಅವರ ಹೆಸರಾಂತ ಪ್ರಬಂಧ ಹೊರಬಂದದ್ದು 1981ರಲ್ಲಿ. 1996ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲಾಯ್ನ್-ಫೋಲ್ಹಾರ್ಡ್ ಅವರ ತಂಡ, ಬೋಸ್ಟನ್‌ನಲ್ಲಿ ವುಲ್ಫ್‌ಗಾಂಗ್ ಡ್ರೀವರ್ ಅವರ ತಂಡ ಈ ಮೀನಿನಲ್ಲಿ ಭ್ರೂಣದ ಬೆಳವಣಿಗೆಯನ್ನು ಕೆಡಿಸುವ ನೂರಾರು ಜೀನ್ ದೋಷಗಳನ್ನು ಗುರುತಿಸಿ ಪ್ರಕಟಿಸಿದವು. ಭಾರತದ ಕಾಡುತಳಿಯ ಜೀಬ್ರಾ ಮೀನಿನ ಜೀನೋಮನ್ನು ದೆಹಲಿಯ ಐಜಿಐಬಿ ಸಂಸ್ಥೆ 2009ರಲ್ಲಿ ಓದಿತು. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲೂ ಈ ಮೀನಿನ ಮೇಲೆ ಸಂಶೋಧನೆ ನಡೆಯುತ್ತದೆ. 2013ರಲ್ಲಿ ಪ್ರಕಟವಾದ ಪರಿಷ್ಕೃತ ಜೀನೋಮ್ ಪ್ರಕಾರ ಇದರಲ್ಲಿ ಪ್ರೋಟೀನ್ ತಯಾರಿಸುವ 26,000ಕ್ಕೂ ಹೆಚ್ಚು ಜೀನ್‌ಗಳಿವೆ; ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಈ ಮೀನಿನಲ್ಲಿ ಸಂಬಂಧಿ ಜೀನ್‌ಗಳು ಸಿಗುತ್ತವೆ.

ಭ್ರೂಣವಿಜ್ಞಾನಿಗಳಿಗೆ ಈ ಮೀನು ಅಚ್ಚುಮೆಚ್ಚಾಗಲು ಕಾರಣ ಅದರ ಮೊಟ್ಟೆ. ಫಲೀಕರಣವೂ ಬೆಳವಣಿಗೆಯೂ ತಾಯಿಯ ದೇಹದ ಹೊರಗೆ, ನೀರಿನಲ್ಲೇ ನಡೆಯುತ್ತವೆ. ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಅಗಲದ ಭ್ರೂಣ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೊಂದು ಕೋಶವೂ ಒಡೆಯುವುದು, ಸರಿಯುವುದು, ಸಾಲುಗಟ್ಟುವುದು ಕಣ್ಣಿಗೆ ಕಾಣುತ್ತದೆ. ಒಂದೇ ಕೋಶವಿರುವಾಗ ಗಾಜಿನ ಸಣ್ಣ ಸೂಜಿಯಿಂದ ಬೇಕಾದ ಆರ್‌ಎನ್‌ಎಯನ್ನು ಚುಚ್ಚಿ ಒಳಗೆ ಸೇರಿಸಲೂಬಹುದು.

ಮೊದಲ ದಿನದ ವೇಳಾಪಟ್ಟಿ

ನೀರಿನ ಉಷ್ಣತೆ 28.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಫಲಿತ ಮೊಟ್ಟೆ ಸುಮಾರು 45 ನಿಮಿಷಕ್ಕೆ ಮೊದಲ ಸಲ ಒಡೆಯುತ್ತದೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಕಾಲು ಗಂಟೆಗೊಮ್ಮೆ ಎಲ್ಲ ಕೋಶಗಳೂ ಒಟ್ಟಿಗೆ ಇಬ್ಭಾಗವಾಗುತ್ತ ಹೋಗುತ್ತವೆ. ಮೂರು ಗಂಟೆಯ ಹೊತ್ತಿಗೆ ಹಳದಿ ಲೋಳೆಯ ಗೋಳದ ನೆತ್ತಿಯ ಮೇಲೆ ಸುಮಾರು ಸಾವಿರ ಕೋಶಗಳ ಗುಪ್ಪೆ ಕೂತಿರುತ್ತದೆ. ಈ ಆಸುಪಾಸಿನಲ್ಲೇ ದೊಡ್ಡ ಬದಲಾವಣೆ. ವಿಭಜನೆಯ ವೇಗ ತಗ್ಗುತ್ತದೆ, ಕೋಶಗಳು ಬೇರೆಬೇರೆ ಹೊತ್ತಿಗೆ ಒಡೆಯತೊಡಗುತ್ತವೆ, ಭ್ರೂಣದ ಸ್ವಂತ ಜೀನ್‌ಗಳಿಂದ ಆರ್‌ಎನ್‌ಎ ತಯಾರಿಕೆ ವ್ಯಾಪಕವಾಗಿ ಶುರುವಾಗುತ್ತದೆ. ತಾಯಿಯ ಆಡಳಿತದಿಂದ ಭ್ರೂಣದ ಆಡಳಿತಕ್ಕೆ ಆಗುವ ಈ ಹಸ್ತಾಂತರ ಮುಗಿಯಲು ಇನ್ನೂ ಕೆಲವು ಗಂಟೆಗಳು ಬೇಕು.

ಐದು ಗಂಟೆಯ ಹೊತ್ತಿಗೆ ಕೋಶಗಳ ಹೊದಿಕೆ ಲೋಳೆಯ ಗೋಳವನ್ನು ಅರ್ಧ ಮುಚ್ಚಿರುತ್ತದೆ. ಆಮೇಲೆ ಕೋಶಗಳು ಒಳಗೆ ಮಗುಚಿ, ದೇಹದ ಹೊರ, ನಡು, ಒಳ ಪದರಗಳಾಗಿ ಬೇರ್ಪಡುತ್ತವೆ. ಹತ್ತು ಗಂಟೆಗೆ ಬಾಲದ ಮೊಗ್ಗು ಕಾಣಿಸುತ್ತದೆ. ಒಂದು ದಿನ ತುಂಬುವಾಗ ಹೃದಯ ಬಡಿಯತೊಡಗಿರುತ್ತದೆ. ಎರಡರಿಂದ ಮೂರು ದಿನದಲ್ಲಿ ಮರಿ ಮೊಟ್ಟೆಯಿಂದ ಹೊರಬರುತ್ತದೆ. ಇಷ್ಟು ಬಿಗಿಯಾದ ವೇಳಾಪಟ್ಟಿಯಲ್ಲಿ ಒಂದು ಹಂತದ ಸಂದೇಶ ಮುಂದಿನ ಹಂತದಲ್ಲೂ ಉಳಿದುಕೊಂಡರೆ ಕೆಲಸ ಕೆಡುತ್ತದೆ.

ಕಿರು ಆರ್‌ಎನ್‌ಎ ಕೆಲಸ ಮಾಡುವ ಬಗೆ

ಜೀನ್‌ನಲ್ಲಿರುವ ಮಾಹಿತಿ ಮೊದಲು ಸಂದೇಶವಾಹಕ ಆರ್‌ಎನ್‌ಎಯಾಗಿ ನಕಲಾಗುತ್ತದೆ; ಆ ನಕಲನ್ನು ರೈಬೋಸೋಮ್‌ಗಳು ಓದಿ ಪ್ರೋಟೀನ್ ಕಟ್ಟುತ್ತವೆ. ನಕಲು ಎಷ್ಟು ಹೊತ್ತು ಉಳಿಯುತ್ತದೆ, ಎಷ್ಟು ಸಲ ಓದಿಸಿಕೊಳ್ಳುತ್ತದೆ ಎಂಬುದರ ಮೇಲೆ ಪ್ರೋಟೀನಿನ ಪ್ರಮಾಣ ನಿಂತಿದೆ. ಮೈಕ್ರೋ ಆರ್‌ಎನ್‌ಎ ಕೈಹಾಕುವುದು ಇಲ್ಲಿಯೇ. ಇಂಥ ಆರ್‌ಎನ್‌ಎ ಇದೆಯೆಂದು ಮೊದಲು ಗೊತ್ತಾದದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರ ತಂಡಗಳು ಲಿನ್-4 ಎಂಬ ಕಿರು ಆರ್‌ಎನ್‌ಎ ಇನ್ನೊಂದು ಜೀನ್‌ನ ಸಂದೇಶವನ್ನು ಅಡಗಿಸುವ ಬಗೆಯನ್ನು ತೋರಿಸಿದವು. ಅದು ಆ ಹುಳುವಿನದೇ ವಿಚಿತ್ರವೆಂದು ಹಲವರು ಭಾವಿಸಿದ್ದರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಕಿರು ಆರ್‌ಎನ್‌ಎ ಹುಳು, ನೊಣ, ಜೀಬ್ರಾ ಮೀನು, ಮನುಷ್ಯ ಎಲ್ಲರಲ್ಲೂ ಇರುವುದು ತಿಳಿದಾಗ ಆ ಭಾವನೆ ಅಳಿಯಿತು. ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಸಂದಿತು.

ಮೈಕ್ರೋ ಆರ್‌ಎನ್‌ಎ ಹುಟ್ಟುವುದು ಉದ್ದನೆಯ ಆರ್‌ಎನ್‌ಎ ಎಳೆಯಾಗಿ. ಎಳೆಯ ಕೆಲವು ಭಾಗಗಳು ತಮ್ಮ ಮೇಲೇ ಮಡಚಿ ಕುಣಿಕೆಯಾಗುತ್ತವೆ. ಕೋಶಕೇಂದ್ರದಲ್ಲಿ ಡ್ರೋಶಾ ಎಂಬ ಕಿಣ್ವ ಕುಣಿಕೆಯನ್ನು ಎಳೆಯಿಂದ ಕತ್ತರಿಸುತ್ತದೆ. ಸುಮಾರು 70 ಅಕ್ಷರಗಳ ಆ ಕುಣಿಕೆ ಕೋಶಕೇಂದ್ರದಿಂದ ಹೊರಗೆ ಸಾಗಿದ ಮೇಲೆ ಡೈಸರ್ ಎಂಬ ಇನ್ನೊಂದು ಕಿಣ್ವ ಅದನ್ನು ಸುಮಾರು 22 ಅಕ್ಷರಗಳ ಜೋಡಿ ತುಣುಕಾಗಿ ಕತ್ತರಿಸುತ್ತದೆ. ಜೋಡಿಯ ಒಂದು ಎಳೆ ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಸೇರಿಕೊಳ್ಳುತ್ತದೆ, ಇನ್ನೊಂದು ನಾಶವಾಗುತ್ತದೆ.

ಆರ್ಗೊನಾಟ್ ಈ ಎಳೆಯನ್ನು ಹಿಡಿದುಕೊಂಡು ಸಂದೇಶವಾಹಕ ಆರ್‌ಎನ್‌ಎಗಳ ಮೇಲೆ ಹೊಂದುವ ಜಾಗ ಹುಡುಕುತ್ತದೆ. 22 ಅಕ್ಷರಗಳೂ ಹೊಂದಬೇಕೆಂದಿಲ್ಲ. ಎರಡರಿಂದ ಎಂಟನೆಯವರೆಗಿನ ಅಕ್ಷರಗಳು ಕೂಡಿದರೆ ಬಹುತೇಕ ಸಾಕು. ಈ ಭಾಗಕ್ಕೆ ಬೀಜಭಾಗ ಎಂದು ಹೆಸರು. ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ‘ಎ’ಗೆ ‘ಯು’ ಜೋಡಿ, ‘ಜಿ’ಗೆ ‘ಸಿ’ ಜೋಡಿ. ಜೀಬ್ರಾ ಮೀನಿನ ಭ್ರೂಣದಲ್ಲಿ ಮುಖ್ಯವಾದ ಮೈಕ್ರೋ ಆರ್‌ಎನ್‌ಎ ಬಳಗವೊಂದರ ಬೀಜಭಾಗದಲ್ಲಿ ಎ-ಎ-ಜಿ-ಯು-ಜಿ-ಸಿ ಎಂಬ ಸಾಲು ಬರುತ್ತದೆ. ಅದಕ್ಕೆ ಎದುರುಬದುರಾಗಿ ಕೂಡುವ ಸಾಲು ಜಿ-ಸಿ-ಎ-ಸಿ-ಯು-ಯು. ಸಂದೇಶದ ಕೊನೆಯ ಭಾಗದಲ್ಲಿ, ಅಂದರೆ ಪ್ರೋಟೀನಾಗಿ ಅನುವಾದಗೊಳ್ಳದ ತುದಿಯಲ್ಲಿ, ಈ ಆರು ಅಕ್ಷರಗಳು ಇದ್ದರೆ ಆ ಸಂದೇಶ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಗುರುತು ಇಷ್ಟು ಚಿಕ್ಕದಾದ್ದರಿಂದಲೇ ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಬೇರೆಬೇರೆ ಜೀನ್‌ಗಳ ಸಂದೇಶಗಳನ್ನು ಒಟ್ಟಿಗೆ ನಿಯಂತ್ರಿಸಬಲ್ಲದು.

ಡೈಸರ್ ಇಲ್ಲದ ಮೀನು

ಭ್ರೂಣಕ್ಕೆ ಮೈಕ್ರೋ ಆರ್‌ಎನ್‌ಎಗಳು ಎಷ್ಟು ಬೇಕು ಎಂಬುದನ್ನು ತಿಳಿಯುವ ನೇರ ದಾರಿ ಡೈಸರ್ ಜೀನನ್ನು ಕೆಡಿಸಿ ನೋಡುವುದು. ನೆದರ್‌ಲ್ಯಾಂಡ್ಸ್‌ನಲ್ಲಿ ರೊನಾಲ್ಡ್ ಪ್ಲಾಸ್ಟರ್ಕ್ ಅವರ ತಂಡ 2003ರಲ್ಲಿ ಅಂಥ ಮೀನುಗಳನ್ನು ಪಡೆಯಿತು. ಅವುಗಳ ಬೆಳವಣಿಗೆ ಹತ್ತನೇ ದಿನದ ಆಸುಪಾಸಿಗೆ ನಿಂತುಹೋಯಿತು. ಆದರೆ ಆರಂಭದ ದಿನಗಳ ಬಗ್ಗೆ ಇದು ಏನನ್ನೂ ಹೇಳಲಿಲ್ಲ, ಏಕೆಂದರೆ ಭ್ರೂಣದ ಜೀನ್ ಕೆಟ್ಟಿದ್ದರೂ ತಾಯಿ ಮೊಟ್ಟೆಯೊಳಗೆ ಇಟ್ಟ ಡೈಸರ್ ಹಲವು ದಿನ ಕೆಲಸ ಮಾಡುತ್ತಲೇ ಇತ್ತು. ತಾಯಿಯಿಂದಲೂ ಡೈಸರ್ ಬಾರದ ಭ್ರೂಣ ಬೇಕಾಗಿತ್ತು. ಡೈಸರ್ ಇಲ್ಲದ ಮೀನು ದೊಡ್ಡದಾಗಿ ಮೊಟ್ಟೆಯಿಡುವಷ್ಟು ದಿನ ಬದುಕುವುದಿಲ್ಲವಾದ್ದರಿಂದ ಅದು ಸುಲಭವಿರಲಿಲ್ಲ.

ಅಲೆಕ್ಸಾಂಡರ್ ಶಿಯರ್ ಅವರ ಪ್ರಯೋಗಾಲಯದಲ್ಲಿದ್ದ ಆಂಟೊನಿಯೊ ಹಿರಾಲ್ಡೆಸ್ ಮತ್ತು ಸಂಗಡಿಗರು 2005ರಲ್ಲಿ ಇದಕ್ಕೆ ದಾರಿ ಕಂಡರು. ಆರೋಗ್ಯವಂತ ಭ್ರೂಣದಲ್ಲಿ ಅಂಡಾಣು, ವೀರ್ಯಾಣುಗಳಾಗಬೇಕಿದ್ದ ಮೂಲಕೋಶಗಳನ್ನು ಇಲ್ಲವಾಗಿಸಿ, ಆ ಜಾಗಕ್ಕೆ ಡೈಸರ್ ಕೆಟ್ಟ ಭ್ರೂಣದಿಂದ ತೆಗೆದ ಅಂಥದೇ ಕೋಶಗಳನ್ನು ಕಸಿ ಮಾಡಿದರು. ಹೀಗೆ ಬೆಳೆದ ಮೀನಿನ ಮೈಯೆಲ್ಲ ಸರಿಯಿತ್ತು, ಅಂಡಾಣು ವೀರ್ಯಾಣುಗಳಲ್ಲಿ ಮಾತ್ರ ಡೈಸರ್ ಇರಲಿಲ್ಲ. ಇಂಥ ಗಂಡುಹೆಣ್ಣುಗಳಿಂದ ಬಂದ ಭ್ರೂಣಗಳಲ್ಲಿ ಡೈಸರ್ ಕತ್ತರಿಸಿ ಕೊಡುವ ಯಾವ ಮೈಕ್ರೋ ಆರ್‌ಎನ್‌ಎಯೂ ಇರಲಿಲ್ಲ.

ಫಲಿತಾಂಶ ಯಾರೂ ಎಣಿಸಿದಂತಿರಲಿಲ್ಲ. ಭ್ರೂಣಕ್ಕೆ ತಲೆ ಯಾವ ಕಡೆ, ಬಾಲ ಯಾವ ಕಡೆ, ಬೆನ್ನು ಎಲ್ಲಿ, ಹೊಟ್ಟೆ ಎಲ್ಲಿ ಎಂಬುದು ಸರಿಯಾಗಿಯೇ ನಿರ್ಧಾರವಾಗಿತ್ತು. ನರಕೋಶ, ಸ್ನಾಯುಕೋಶ, ರಕ್ತಕೋಶಗಳಂಥ ಮುಖ್ಯ ಕೋಶ ಬಗೆಗಳೂ ಮೂಡಿದ್ದವು. ಕೆಟ್ಟದ್ದು ಆಕಾರ. ಕೋಶಗಳ ಹೊದಿಕೆ ಲೋಳೆಯ ಮೇಲೆ ಹರಡುವುದು, ಪದರಗಳ ಚಲನೆ ಏರುಪೇರಾಗಿತ್ತು. ಮೆದುಳಿನ ಒಳಗಿನ ಕುಹರಗಳು ತೆರೆಯಲಿಲ್ಲ, ಮೆದುಳಿನ ಭಾಗಗಳನ್ನು ಬೇರ್ಪಡಿಸುವ ಮಡಿಕೆಗಳು ಕಾಣಲಿಲ್ಲ, ಹೃದಯ ಸರಿಯಾಗಿ ರೂಪುಗೊಳ್ಳಲಿಲ್ಲ. ಆಮೇಲೆ ಸಂಶೋಧಕರು ಒಂದೇ ಒಂದು ಬಳಗದ ಮೈಕ್ರೋ ಆರ್‌ಎನ್‌ಎಯನ್ನು ತಯಾರಿಸಿ ಒಂದು ಕೋಶದ ಹಂತದಲ್ಲಿ ಚುಚ್ಚಿದರು. ಪದರಗಳ ಚಲನೆ ಬಹುಮಟ್ಟಿಗೆ ಸುಧಾರಿಸಿತು, ಮೆದುಳಿನ ಕುಹರಗಳೂ ಮಡಿಕೆಗಳೂ ಮರಳಿದವು. ಮೇಲೆ ಹೇಳಿದ ಎ-ಎ-ಜಿ-ಯು-ಜಿ-ಸಿ ಸಾಲಿನ ಆ ಬಳಗದ ಹೆಸರು ಮಿರ್-430.

ತೆರವಿನ ಕೆಲಸ

ಮಿರ್-430 ಏನು ಮಾಡುತ್ತದೆ ಎಂಬುದಕ್ಕೆ ಮರುವರ್ಷವೇ ಉತ್ತರ ಸಿಕ್ಕಿತು. ಡೈಸರ್ ಇಲ್ಲದ ಭ್ರೂಣದಲ್ಲಿ ಯಾವ ಸಂದೇಶಗಳು ಅಗತ್ಯಕ್ಕಿಂತ ಹೆಚ್ಚು ಉಳಿದಿವೆ ಎಂದು ಹುಡುಕಿದಾಗ ಸಿಕ್ಕವುಗಳಲ್ಲಿ ತಾಯಿಯ ಸಂದೇಶಗಳೇ ಎದ್ದುಕಂಡವು. ಅವುಗಳ ತುದಿಯಲ್ಲಿ ಮಿರ್-430 ಕೂರುವ ಗುರುತು ಮತ್ತೆಮತ್ತೆ ಬಂದಿತ್ತು. ಈ ಒಂದು ಬಳಗದ ನೇರ ಗುರಿಗಳೇ ಹಲವು ನೂರು. ತೆರವಾಗದೆ ಉಳಿದ ತಾಯಿಯ ಸಂದೇಶಗಳಿಂದಲೇ ಭ್ರೂಣದ ಆಕಾರ ಕೆಡುತ್ತದೆ ಎಂಬ ತೀರ್ಮಾನಕ್ಕೆ ಇದು ದಾರಿಯಾಯಿತು.

ತೆರವು ಎರಡು ಹೆಜ್ಜೆಗಳಲ್ಲಿ ನಡೆಯುತ್ತದೆ. ಸಂದೇಶವಾಹಕ ಆರ್‌ಎನ್‌ಎಗೆ ‘ಎ’ ಅಕ್ಷರಗಳೇ ಸಾಲಾಗಿರುವ ಉದ್ದನೆಯ ಬಾಲವಿರುತ್ತದೆ. ಸಂದೇಶವನ್ನು ಬೇಗ ನಾಶವಾಗದಂತೆ ಕಾಯುವುದು, ರೈಬೋಸೋಮ್‌ಗಳ ಓದಿಗೆ ಒದಗುವಂತೆ ಇಡುವುದು ಆ ಬಾಲದ ಕೆಲಸ. ಮಿರ್-430 ಬಂದು ಕೂತೊಡನೆ ಮೊದಲು ಓದು ಕುಂಠಿತವಾಗುತ್ತದೆ. ರೈಬೋಸೋಮ್‌ಗಳು ಯಾವ ಸಂದೇಶದ ಮೇಲೆ ಎಷ್ಟಿವೆ ಎಂದು ಎಣಿಸುವ ವಿಧಾನದಿಂದ ಹಿರಾಲ್ಡೆಸ್ ತಂಡ 2012ರಲ್ಲಿ ಇದನ್ನು ತೋರಿಸಿತು. ನಾಲ್ಕನೇ ಗಂಟೆಯಲ್ಲಿ ಗುರಿಯಾದ ಸಂದೇಶಗಳು ಇನ್ನೂ ಉಳಿದಿದ್ದರೂ ಅವುಗಳ ಓದು ತಗ್ಗಿತ್ತು. ಆರನೇ ಗಂಟೆಗೆ ಸಂದೇಶಗಳೇ ಕರಗಿದ್ದವು. ಎರಡನೇ ಹೆಜ್ಜೆಯಲ್ಲಿ, ಆರ್ಗೊನಾಟ್ ಕರೆತರುವ ಪ್ರೋಟೀನ್ ಗುಂಪು ‘ಎ’ ಬಾಲವನ್ನು ಕತ್ತರಿಸುತ್ತ ಹೋಗುತ್ತದೆ. ಬಾಲ ಕಳೆದುಕೊಂಡ ಸಂದೇಶವನ್ನು ಕೋಶದ ಕಿಣ್ವಗಳು ಬೇಗನೆ ಅರಗಿಸುತ್ತವೆ.

ಇಷ್ಟು ಸಂದೇಶಗಳನ್ನು ಕೆಲವೇ ಗಂಟೆಗಳಲ್ಲಿ ತೆರವು ಮಾಡಬೇಕಾದರೆ ಮಿರ್-430 ಹೇರಳವಾಗಿ, ಅದೂ ಬೇಗ ತಯಾರಾಗಬೇಕು. ಜೀಬ್ರಾ ಮೀನಿನ ನಾಲ್ಕನೇ ವರ್ಣತಂತುವಿನ ಮೇಲೆ ಈ ಜೀನ್‌ನ ಹತ್ತಾರು ಪ್ರತಿಗಳು ಒತ್ತೊತ್ತಾಗಿ ಸಾಲುಗಟ್ಟಿವೆ. ಭ್ರೂಣದ ಬಹುಪಾಲು ಜೀನ್‌ಗಳು ಏಳುವ ಮುನ್ನವೇ ಈ ಸಾಲು ಏಳುತ್ತದೆ. ಹೊಸದಾಗಿ ತಯಾರಾಗುತ್ತಿರುವ ಆರ್‌ಎನ್‌ಎಗೆ ಹೊಳೆಯುವ ಗುರುತು ಅಂಟಿಸಿ ನೋಡಿದರೆ, ಸುತ್ತಲೆಲ್ಲ ಕತ್ತಲೆಯಿರುವ ಕೋಶಕೇಂದ್ರದಲ್ಲಿ ಎರಡು ಪ್ರಖರ ಚುಕ್ಕೆಗಳು ಕಾಣುತ್ತವೆ. ತಂದೆಯಿಂದ ಬಂದ ವರ್ಣತಂತುವಿನದು ಒಂದು, ತಾಯಿಯಿಂದ ಬಂದದ್ದರದು ಇನ್ನೊಂದು.

ಈ ಸಾಲನ್ನು ಎಬ್ಬಿಸುವವರು ಯಾರು? ನ್ಯಾನಾಗ್, ಪೌ5ಎಫ್ ಮತ್ತು ಸಾಕ್ಸ್ ಬಳಗದ ಪ್ರೋಟೀನ್‌ಗಳು ಭ್ರೂಣದ ಜೀನ್‌ಗಳನ್ನು ಮೊದಲು ಚಾಲೂ ಮಾಡುತ್ತವೆ, ಅವುಗಳಲ್ಲಿ ನ್ಯಾನಾಗ್ ಮಿರ್-430ಕ್ಕೆ ಚಾಲನೆ ಕೊಡುತ್ತದೆ ಎಂದು 2013ರಲ್ಲಿ ತಿಳಿಯಿತು. ಈ ಪ್ರೋಟೀನ್‌ಗಳು ತಯಾರಾಗುವುದು ತಾಯಿಯ ಸಂದೇಶಗಳಿಂದಲೇ. ಅಂದರೆ ತಾಯಿಯ ಸಂದೇಶಗಳನ್ನು ಅಳಿಸುವ ಏರ್ಪಾಡನ್ನೂ ತಾಯಿಯೇ ಮಾಡಿಟ್ಟಿರುತ್ತಾಳೆ.

ಮಿರ್-430 ಒಂದೇ ಈ ಕೆಲಸ ಮಾಡುವುದಿಲ್ಲ. ಮೊಟ್ಟೆಯೊಳಗಿನ ಪ್ರೋಟೀನ್‌ಗಳೇ ಭ್ರೂಣದ ಜೀನ್‌ಗಳನ್ನು ಕಾಯದೆ ಕೆಲವು ಸಂದೇಶಗಳನ್ನು ಕರಗಿಸುತ್ತವೆ. ಪ್ರೋಟೀನಿನ ಒಂದೊಂದು ಘಟಕವನ್ನು ಸೂಚಿಸಲು ಸಂದೇಶ ಯಾವ ಮೂರಕ್ಷರದ ಪದಗಳನ್ನು ಬಳಸಿದೆ ಎಂಬುದೂ ಅದರ ಆಯಸ್ಸನ್ನು ನಿರ್ಧರಿಸುತ್ತದೆ. ‘ಎ’ ಅಕ್ಷರಗಳ ಮೇಲೆ ಕೂಡಿಕೊಳ್ಳುವ ಮೀಥೈಲ್ ಎಂಬ ರಾಸಾಯನಿಕ ಗುರುತನ್ನು ಓದಿ ಸಂದೇಶ ಅಳಿಸುವ ಇನ್ನೊಂದು ಪ್ರೋಟೀನ್ ಇರುವುದು 2017ರಲ್ಲಿ ತಿಳಿಯಿತು. ಹಲವು ದಾರಿಗಳು ಒಟ್ಟಿಗೆ ಇರುವುದರಿಂದಲೇ ತೆರವು ಅಷ್ಟು ಖಚಿತವಾಗಿ ನಡೆಯುತ್ತದೆ.

ಪ್ರಮಾಣದ ಸಮತೋಲ

ಮಿರ್-430 ಹಳೆಯದನ್ನು ಅಳಿಸುವುದಷ್ಟೇ ಅಲ್ಲ, ಹೊಸದಾಗಿ ಹುಟ್ಟುವ ಸಂದೇಶಗಳ ಪ್ರಮಾಣವನ್ನೂ ಹದದಲ್ಲಿಡುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ನೋಡಲ್ ಎಂಬ ಸಂಕೇತ. ಯಾವ ಕೋಶಗಳು ದೇಹದ ನಡುಪದರ ಮತ್ತು ಒಳಪದರಕ್ಕೆ ಸೇರಿ ಸ್ನಾಯು, ಹೃದಯ, ಕರುಳುಗಳಾಗಬೇಕು ಎಂದು ತಿಳಿಸುವುದು ನೋಡಲ್‌ನ ಕೆಲಸ. ಅದು ತೀರ ಕಡಿಮೆಯಾದರೆ ಎರಡು ಕಣ್ಣುಗಳು ಬೇರ್ಪಡದೆ ಒಂದಾಗಿಬಿಡುವ ಭ್ರೂಣಗಳು ಹುಟ್ಟುತ್ತವೆ. ಹೆಚ್ಚಾದರೆ ಒಳಪದರದ ಪಾಲು ಹಿಗ್ಗುತ್ತದೆ. ಸ್ಕ್ವಿಂಟ್ ಎಂಬ ಪ್ರೋಟೀನ್ ಈ ಸಂಕೇತವನ್ನು ಹೊತ್ತು ಸಾಗುತ್ತದೆ, ಲೆಫ್ಟಿ ಎಂಬುದು ಅದನ್ನು ತಡೆಯುತ್ತದೆ. ವಿಶೇಷವೆಂದರೆ ಸ್ಕ್ವಿಂಟ್ ಮತ್ತು ಲೆಫ್ಟಿ ಎರಡರ ಸಂದೇಶಗಳಲ್ಲೂ ಮಿರ್-430ರ ಗುರುತು ಇದೆ.

ಎರಡನ್ನೂ ತಗ್ಗಿಸುವುದರಿಂದ ಏನು ಪ್ರಯೋಜನ ಎಂದು ತಿಳಿಯಲು 2007ರಲ್ಲಿ ಶಿಯರ್ ತಂಡ ಒಂದು ಜಾಣ ಉಪಾಯ ಹೂಡಿತು. ಒಂದು ನಿರ್ದಿಷ್ಟ ಸಂದೇಶದ ಮೇಲೆ ಮಿರ್-430 ಕೂರುವ ಜಾಗಕ್ಕೆ ಮಾತ್ರ ಹೊಂದಿಕೊಳ್ಳುವ ಕೃತಕ ತುಣುಕನ್ನು ಭ್ರೂಣಕ್ಕೆ ಚುಚ್ಚಿದರು. ಜಾಗ ಮೊದಲೇ ಭರ್ತಿಯಾದ್ದರಿಂದ ಆ ಒಂದು ಸಂದೇಶ ಮಿರ್-430ರ ಕೈಗೆ ಸಿಗುತ್ತಿರಲಿಲ್ಲ, ಉಳಿದ ನೂರಾರು ಗುರಿಗಳ ಮೇಲೆ ಅದರ ಕೆಲಸ ಎಂದಿನಂತೆ ಸಾಗುತ್ತಿತ್ತು. ಸ್ಕ್ವಿಂಟ್ ಸಂದೇಶವನ್ನು ಹೀಗೆ ಕಾಪಾಡಿದಾಗ ನೋಡಲ್ ಸಂಕೇತ ಏರಿತು. ಲೆಫ್ಟಿಯನ್ನು ಕಾಪಾಡಿದಾಗ ಇಳಿಯಿತು. ಮಿರ್-430 ಪೂರ್ತಿ ಇಲ್ಲವಾದಾಗ ಎರಡರ ನಡುವಿನ ತೂಕ ತಪ್ಪಿ ಒಟ್ಟು ಸಂಕೇತ ಕುಗ್ಗಿತು. ಸಂಕೇತವನ್ನೂ ಅದರ ತಡೆಯನ್ನೂ ಒಂದೇ ಕೈ ಹಿಡಿದಿರುವುದರಿಂದ ಯಾವುದೂ ಅತಿಯಾಗುವುದಿಲ್ಲ.

ತಪ್ಪಿಸಿಕೊಳ್ಳುವ ಕೋಶಗಳು

ಭ್ರೂಣದ ಎಲ್ಲ ಕೋಶಗಳಲ್ಲೂ ಮಿರ್-430 ಇರುತ್ತದೆ. ಆದರೂ ಒಂದು ಬಗೆಯ ಕೋಶಗಳಲ್ಲಿ ಕೆಲವು ಸಂದೇಶಗಳು ಅದರಿಂದ ಪಾರಾಗುತ್ತವೆ. ಮುಂದಿನ ಪೀಳಿಗೆಯ ಅಂಡಾಣು, ವೀರ್ಯಾಣುಗಳಾಗಲಿರುವ ಸಂತಾನ ಮೂಲಕೋಶಗಳು ಅವು. ಈ ಕೋಶಗಳಿಗೆ ಬೇಕಾದ ನ್ಯಾನೋಸ್, ಟಿಡಿಆರ್‌ಡಿ7 ಎಂಬ ಜೀನ್‌ಗಳ ಸಂದೇಶಗಳನ್ನು ತಾಯಿ ಮೊಟ್ಟೆಯಲ್ಲಿ ಇಟ್ಟಿರುತ್ತಾಳೆ. ಮೈಯ ಉಳಿದ ಕೋಶಗಳಲ್ಲಿ ಅವನ್ನು ಮಿರ್-430 ಅಳಿಸುತ್ತದೆ, ಸಂತಾನ ಮೂಲಕೋಶಗಳಲ್ಲಿ ಮಾತ್ರ ಅವು ಉಳಿಯುತ್ತವೆ ಎಂದು 2006ರಲ್ಲಿ ಗೊತ್ತಾಯಿತು. ಕಾರಣ ಮರುವರ್ಷ ಸಿಕ್ಕಿತು: ಡೆಡ್ ಎಂಡ್ ಎಂಬ ಪ್ರೋಟೀನ್ ಆ ಸಂದೇಶಗಳ ತುದಿಯಲ್ಲಿ ‘ಯು’ ಅಕ್ಷರಗಳು ಹೆಚ್ಚಿರುವ ಜಾಗಕ್ಕೆ ಅಂಟಿಕೊಂಡು ಮೈಕ್ರೋ ಆರ್‌ಎನ್‌ಎ ಹತ್ತಿರ ಸುಳಿಯದಂತೆ ಕಾಯುತ್ತದೆ. ಹೀಗೆ ಅಳಿಸುವ ಕಿರು ಆರ್‌ಎನ್‌ಎ ಮತ್ತು ಕಾಯುವ ಪ್ರೋಟೀನ್ ಎರಡೂ ಸೇರಿ, ಮೈಯ ಕೋಶ ಯಾವುದು, ಸಂತಾನದ ಕೋಶ ಯಾವುದು ಎಂಬ ವ್ಯತ್ಯಾಸವನ್ನು ಗಟ್ಟಿಗೊಳಿಸುತ್ತವೆ.

ಸಂತಾನದ ಜೀನೋಮನ್ನು ಕಾಯಲು ಬೇರೊಂದು ಬಗೆಯ ಕಿರು ಆರ್‌ಎನ್‌ಎಗಳೂ ಇವೆ. ಪೈ ಆರ್‌ಎನ್‌ಎ ಎಂದು ಕರೆಯುವ ಇವು ಮೈಕ್ರೋ ಆರ್‌ಎನ್‌ಎಗಳಿಗಿಂತ ತುಸು ಉದ್ದ. ತಯಾರಾಗಲು ಡೈಸರ್ ಬೇಕಿಲ್ಲ. ಜೀಬ್ರಾ ಮೀನಿನ ಜೀನೋಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮರುಕಳಿಸುವ ಸಾಲುಗಳೇ. ಅವುಗಳಲ್ಲಿ ಬಹಳಷ್ಟು, ಜೀನೋಮ್‌ನಲ್ಲಿ ಜಾಗ ಬದಲಿಸುವ ಜಿಗಿಯುವ ಜೀನ್‌ಗಳು ಮತ್ತು ಅವುಗಳ ಅವಶೇಷಗಳು. ಇವು ಅಂಡಾಣು, ವೀರ್ಯಾಣುಗಳಲ್ಲಿ ಜಿಗಿದಾಡಿದರೆ ಹಾನಿ ಮುಂದಿನ ಪೀಳಿಗೆಗೆ ದಾಟುತ್ತದೆ. ಜಿವಿ ಎಂಬ ಪ್ರೋಟೀನಿನೊಡನೆ ಸೇರಿ ಪೈ ಆರ್‌ಎನ್‌ಎಗಳು ಅವನ್ನು ಅಡಗಿಸುತ್ತವೆ. ಜಿವಿ ಇಲ್ಲದ ಮೀನುಗಳಲ್ಲಿ ಸಂತಾನಕೋಶಗಳು ಸತ್ತುಹೋಗುತ್ತವೆ ಎಂದು 2007ರ ಅಧ್ಯಯನ ತೋರಿಸಿತು.

ಅಂಗಾಂಗಗಳು ಮೂಡುವಾಗ

ಮಿರ್-430ರ ಭರಾಟೆ ಮೊದಲ ಒಂದೆರಡು ದಿನಗಳದು. ಆಮೇಲೆ ಬೇರೆ ಮೈಕ್ರೋ ಆರ್‌ಎನ್‌ಎಗಳು ಒಂದೊಂದು ಅಂಗಾಂಶದಲ್ಲಿ ಕಾಣಿಸಿಕೊಳ್ಳುತ್ತವೆ. ಕಶೇರುಕಗಳಲ್ಲೆಲ್ಲ ಇರುವ 115 ಮೈಕ್ರೋ ಆರ್‌ಎನ್‌ಎಗಳು ಜೀಬ್ರಾ ಮೀನಿನ ಭ್ರೂಣದಲ್ಲಿ ಎಲ್ಲಿ, ಯಾವಾಗ ಮೂಡುತ್ತವೆ ಎಂದು ಪ್ಲಾಸ್ಟರ್ಕ್ ತಂಡ 2005ರಲ್ಲಿ ಪರಿಶೀಲಿಸಿತು. ಹೆಚ್ಚಿನವು ಒಂದು ನಿರ್ದಿಷ್ಟ ಅಂಗಾಂಶಕ್ಕೆ ಸೀಮಿತವಾಗಿದ್ದವು: ಮಿರ್-1 ಮತ್ತು ಮಿರ್-133 ಸ್ನಾಯುವಿನಲ್ಲಿ, ಮಿರ್-124 ನರಮಂಡಲದಲ್ಲಿ, ಮಿರ್-122 ಯಕೃತ್ತಿನಲ್ಲಿ. ಅವು ಕಾಣಿಸಿಕೊಂಡದ್ದು ಅಂಗಾಂಶ ಮೂಡಿದ ಮೇಲೆ. ಕೋಶದ ಗತಿಯನ್ನು ಮೊದಲಿಗೆ ನಿರ್ಧರಿಸುವುದಕ್ಕಿಂತ, ಹಿಡಿದ ದಾರಿಯಲ್ಲಿ ಕೋಶವನ್ನು ನೆಲೆಗೊಳಿಸುವುದು ಇವುಗಳ ಕೆಲಸ ಎಂಬುದಕ್ಕೆ ಇದು ಆಧಾರ. ಡೈಸರ್ ಇಲ್ಲದ ಭ್ರೂಣದಲ್ಲೂ ಕೋಶ ಬಗೆಗಳು ಮೂಡಿದ್ದಕ್ಕೂ ಇದು ಹೊಂದುತ್ತದೆ.

ಕೆಂಪು ರಕ್ತಕಣಗಳು ಪಕ್ವವಾಗಲು ಬೇಕಾದ ಮಿರ್-451ರದು ಬೇರೆಯೇ ಹುಟ್ಟು. ಅದರ ಕುಣಿಕೆ ಡೈಸರ್‌ಗೆ ಹಿಡಿತ ಸಿಗದಷ್ಟು ಗಿಡ್ಡ. ಆರ್ಗೊನಾಟ್ ತಾನೇ ಆ ಕುಣಿಕೆಯನ್ನು ಕತ್ತರಿಸಿಕೊಳ್ಳುತ್ತದೆ ಎಂದು 2010ರಲ್ಲಿ ಜೀಬ್ರಾ ಮೀನಿನಲ್ಲೇ ತಿಳಿಯಿತು. ಮಿರ್-126ನ್ನು ತಗ್ಗಿಸಿದರೆ ಭ್ರೂಣದ ರಕ್ತನಾಳಗಳ ಭದ್ರತೆ ಕುಂದಿ ರಕ್ತ ಒಸರುತ್ತದೆ. ಇನ್ನು ಕೆಲವು ಮೈಕ್ರೋ ಆರ್‌ಎನ್‌ಎಗಳನ್ನು ಪೂರ್ತಿ ತೆಗೆದರೂ ಮೀನು ಸಹಜವಾಗಿಯೇ ಕಾಣುತ್ತದೆ. ಆದರೆ ಒಡಹುಟ್ಟಿದ ಮರಿಗಳ ನಡುವೆ ರಕ್ತನಾಳಗಳ ವಿನ್ಯಾಸದಂಥ ಲಕ್ಷಣಗಳಲ್ಲಿ ವ್ಯತ್ಯಾಸ ಹೆಚ್ಚುತ್ತದೆ. ಒಂದೇ ತಳಿಯ ಭ್ರೂಣಗಳು ಒಂದೇ ಅಚ್ಚಿನಲ್ಲಿ ಬೆಳೆಯುವಂತೆ ನೋಡಿಕೊಳ್ಳುವುದೂ ಕಿರು ಆರ್‌ಎನ್‌ಎಗಳ ಜವಾಬ್ದಾರಿ.

ಮೀನಿನಾಚೆ

ತಾಯಿಯ ಸಂದೇಶಗಳನ್ನು ಕಿರು ಆರ್‌ಎನ್‌ಎಯಿಂದ ತೆರವು ಮಾಡುವ ಕ್ರಮ ಬೇರೆ ಪ್ರಾಣಿಗಳಲ್ಲೂ ಇದೆ. ಕಪ್ಪೆಯಲ್ಲಿ ಮಿರ್-430ರ ಸಮೀಪದ ಬಂಧು ಮಿರ್-427 ಅದೇ ಕೆಲಸ ಮಾಡುತ್ತದೆ. ಹಣ್ಣಿನ ನೊಣದಲ್ಲಿ ಅಕ್ಷರಸಾಲಿನಲ್ಲಿ ಯಾವ ನಂಟೂ ಇಲ್ಲದ ಮಿರ್-309 ಗುಂಪು ಆ ಹೊಣೆ ಹೊತ್ತಿದೆ. ಇಲಿಯ ಅಂಡಾಣುವಿನಲ್ಲಿ ಮಾತ್ರ ಮೈಕ್ರೋ ಆರ್‌ಎನ್‌ಎಗಳ ಪ್ರಭಾವ ಬಹಳ ಕಡಿಮೆ. ಸಸ್ತನಿಗಳು ಈ ಘಟ್ಟದಲ್ಲಿ ಬೇರೆ ದಾರಿಗಳನ್ನು ಅವಲಂಬಿಸಿವೆ.

ಮನುಷ್ಯನಲ್ಲಿ ಮಿರ್-430ರ ಬಂಧುಗಳು ಮಿರ್-302 ಮತ್ತು ಮಿರ್-372. ಬೀಜಭಾಗದ ಅದೇ ಎ-ಎ-ಜಿ-ಯು-ಜಿ-ಸಿ ಸಾಲನ್ನು ಹೊತ್ತ ಇವು ಭ್ರೂಣದ ಆಕರಕೋಶಗಳಲ್ಲಿ (ಸ್ಟೆಮ್ ಸೆಲ್) ಹೇರಳವಾಗಿರುತ್ತವೆ. ಬೆಳೆದ ದೇಹದ ಕೋಶಗಳನ್ನು ಮತ್ತೆ ಆಕರಕೋಶಗಳಾಗಿ ಮಾರ್ಪಡಿಸುವ ಪ್ರಯೋಗಗಳಲ್ಲಿ ಈ ಬಳಗವನ್ನು ಸೇರಿಸಿದರೆ ಮಾರ್ಪಾಟು ಹೆಚ್ಚು ಯಶಸ್ವಿಯಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಕೋಶವೊಂದು ಹೊಸ ಸ್ಥಿತಿಗೆ ದಾಟಬೇಕಾದರೆ ಹಳೆಯ ಸ್ಥಿತಿಯ ಸಂದೇಶಗಳು ತೊಲಗಬೇಕು ಎಂಬ ನಿಯಮ ಮೂರು ಗಂಟೆಯ ಮೀನಿನ ಭ್ರೂಣಕ್ಕೂ ಪ್ರಯೋಗಾಲಯದ ತಟ್ಟೆಯಲ್ಲಿರುವ ಮನುಷ್ಯನ ಚರ್ಮಕೋಶಕ್ಕೂ ಒಂದೇ.